ದ ವೈಟ್ ಸ್ಟ್ರೈಪ್ಸ್: ಇಬ್ಬರು ಜನ, ಮೂರು ಬಣ್ಣ, ಏಳು ಸ್ವರದ ಒಂದು ಸಾಲು

ರಾಕ್ ಬ್ಯಾಂಡ್ ಅಂದರೆ ಕಡಿಮೆ ಅಂದರೂ ಮೂರು ನಾಲ್ಕು ಜನ ಬೇಕು ಅಂತ ನಾವು ಅಂದುಕೊಂಡಿರುತ್ತೇವೆ. ಗಿಟಾರ್‌ಗೆ ಒಬ್ಬರು, ಬೇಸ್‌ಗೆ ಒಬ್ಬರು, ಡ್ರಮ್ಸ್‌ಗೆ ಒಬ್ಬರು. ಅಮೆರಿಕದ ಡೆಟ್ರಾಯ್ಟ್‌ನಲ್ಲಿ 1997ರಲ್ಲಿ ಶುರುವಾದ ದ ವೈಟ್ ಸ್ಟ್ರೈಪ್ಸ್‌ನಲ್ಲಿ ಇದ್ದದ್ದು ಇಬ್ಬರೇ. ಜ್ಯಾಕ್ ವೈಟ್ ಗಿಟಾರ್ ನುಡಿಸುತ್ತಾ ಹಾಡುತ್ತಿದ್ದ. ಮೆಗ್ ವೈಟ್ ಡ್ರಮ್ಸ್ ಬಾರಿಸುತ್ತಿದ್ದಳು. ವೇದಿಕೆ ಮೇಲೆ ಕೆಳಗಿನ ದಪ್ಪ ಸ್ವರಗಳನ್ನು ಕೊಡುವ ಬೇಸ್ ಗಿಟಾರ್ ಇಲ್ಲವೇ ಇಲ್ಲ.

ಗಿಟಾರ್ ಕಲಿಯುತ್ತಿರುವ ನಮ್ಮಂಥವರಿಗೆ ಇವರು ಯಾಕೆ ಮುಖ್ಯ ಅಂದರೆ, ಇವರು ತಮಗೆ ತಾವೇ ಬೇಲಿ ಹಾಕಿಕೊಂಡು ಆಮೇಲೆ ಸಂಗೀತಕ್ಕೆ ಕೂತವರು. ಬಟ್ಟೆಗೂ ಅದೇ ಬೇಲಿ, ಹಾಡಿಗೂ ಅದೇ ಬೇಲಿ. ಅದಕ್ಕೇ ಇವರ ವೇಷ ಬೇರೆ, ಸಂಗೀತ ಬೇರೆ ಅಂತ ಎರಡು ಟಿಪ್ಪಣಿ ಬರೆಯಲು ಹೋಗಿ ನಾನು ಕೈಬಿಟ್ಟೆ.

ಮೂರರ ಹುಚ್ಚು

ಸಂಗೀತದಿಂದ ಹೊಟ್ಟೆ ತುಂಬುವ ಮೊದಲು ಜ್ಯಾಕ್ ಕುಶನ್ ಕೆಲಸ ಮಾಡುತ್ತಿದ್ದ. ಹಳೇ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸಿ ಪಿನ್ ಹೊಡೆಯುವ ಕೆಲಸ. ತನ್ನ ಅಂಗಡಿಗೆ ಥರ್ಡ್ ಮ್ಯಾನ್ ಅಂತ ಹೆಸರಿಟ್ಟಿದ್ದ. ಅಲ್ಲೂ ಮೂರೇ ಬಣ್ಣ: ಹಳದಿ, ಕಪ್ಪು, ಬಿಳಿ. ಬಿಲ್ಲನ್ನು ಕ್ರೇಯಾನ್‌ನಲ್ಲಿ ಬರೆದು ಕೊಡುತ್ತಿದ್ದನಂತೆ. ಸೋಫಾದ ಒಳಗೆ ಕವಿತೆ ಬರೆದಿಡುತ್ತಿದ್ದನಂತೆ. ಇಂಥ ಅಂಗಡಿಗೆ ಗಿರಾಕಿ ಎಷ್ಟು ದಿನ ಬಂದಾರು ಹೇಳಿ! ಒಂದು ತುಂಡು ಬಟ್ಟೆ ನಿಲ್ಲಬೇಕಾದರೆ ಕನಿಷ್ಠ ಮೂರು ಪಿನ್ ಬೇಕು, ಮೂರರ ಮೇಲಿನ ಹುಚ್ಚು ಅಲ್ಲಿಂದಲೇ ಹತ್ತಿತು ಅಂತ ಅವನೇ ಹೇಳಿಕೊಂಡಿದ್ದಾನೆ.

ಬ್ಯಾಂಡ್‌ಗೆ ಬಂದಾಗ ಆ ಮೂರು ಹೀಗಾಯಿತು. ಬಣ್ಣ ಕೆಂಪು, ಬಿಳಿ, ಕಪ್ಪು. ಸದ್ದು ಗಿಟಾರ್, ಡ್ರಮ್ಸ್, ದನಿ. ಮೆಗ್‌ಳ ದೊಡ್ಡ ಡ್ರಮ್ ಮೇಲೆ ಪೆಪ್ಪರ್‌ಮಿಂಟಿನ ಕೆಂಪು ಬಿಳಿ ಸುರುಳಿ. ಜ್ಯಾಕ್ ಹಿಡಿಯುತ್ತಿದ್ದದ್ದು 1964ರ ಏರ್‌ಲೈನ್ ಅನ್ನೋ ಕೆಂಪು ಗಿಟಾರ್. ಅದರ ಮೈ ಫೈಬರ್‌ಗ್ಲಾಸಿನದು. ಮಾಂಟ್‌ಗೊಮೆರಿ ವಾರ್ಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಮಾರುತ್ತಿದ್ದ ವಾದ್ಯ. ಹೆಸರಾಂತ ಕಂಪನಿಗಳ ಗಿಟಾರ್ ಹಿಡಿದವರು ಅದನ್ನು ಆಟದ ಸಾಮಾನು ಅಂತ ನೋಡುತ್ತಿದ್ದರು.

2000ದ ಎರಡನೇ ಆಲ್ಬಮ್‌ನ ಹೆಸರು ‘ಡಿ ಸ್ಟೈಲ್’. ಅದು ನೆದರ್‌ಲೆಂಡ್ಸ್‌ನ ಒಂದು ಕಲಾ ಚಳವಳಿಯ ಹೆಸರು. ನೇರ ಗೆರೆ, ಕೆಲವೇ ಬಣ್ಣ, ಮಿಕ್ಕಿದ್ದೆಲ್ಲ ಹೊರಗೆ. ಈ ಆಲ್ಬಮ್ಮನ್ನು ಇಬ್ಬರಿಗೆ ಅರ್ಪಿಸಿದ್ದಾರೆ: ಆ ಚಳವಳಿಯ ಕುರ್ಚಿ, ಮನೆಗಳ ವಿನ್ಯಾಸಗಾರ ಗೆರಿಟ್ ರೀಟ್‌ವೆಲ್ಡ್ ಮತ್ತು ಬ್ಲೂಸ್ (ಅಮೆರಿಕದ ಕಪ್ಪುಜನರ ಹಾಡಿನ ಬಗೆ) ಗಾಯಕ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್. ಕುರ್ಚಿ ಮಾಡಿದವನನ್ನೂ ಒಬ್ಬನೇ ಕೂತು ಗಿಟಾರ್ ನುಡಿಸಿ ಹಾಡಿದವನನ್ನೂ ಒಟ್ಟಿಗೆ ನಿಲ್ಲಿಸಿದರಲ್ಲ, ಬ್ಯಾಂಡ್ ಅರ್ಥವಾಗಲು ನನಗೆ ಅಷ್ಟೇ ಸಾಕಾಯಿತು.

ಅಕ್ಕ ತಮ್ಮ ಅನ್ನೋ ಕಥೆ

ತಾವು ಒಡಹುಟ್ಟಿದವರು ಅಂತ ಇವರು ಹೇಳಿಕೊಂಡು ತಿರುಗಿದರು. ವೇದಿಕೆ ಮೇಲೆ ಜ್ಯಾಕ್ ಅವಳನ್ನು ಅಕ್ಕ ಅಂತಲೇ ಪರಿಚಯಿಸುತ್ತಿದ್ದ. ನಿಜವೇನೆಂದರೆ, 1996ರಲ್ಲಿ ಇಬ್ಬರೂ ಮದುವೆಯಾಗಿದ್ದರು. ಜ್ಯಾಕ್‌ನ ಹುಟ್ಟು ಹೆಸರು ಜಾನ್ ಗಿಲ್ಲಿಸ್. ಹೆಂಡತಿಯ ಮನೆತನದ ಹೆಸರು ತೆಗೆದುಕೊಂಡು ‘ವೈಟ್’ ಆದ. 2000ದಲ್ಲಿ ವಿಚ್ಛೇದನವಾಯಿತು, ಬ್ಯಾಂಡ್ ಮಾತ್ರ ಒಡೆಯಲಿಲ್ಲ. ಮರುವರ್ಷ ಪತ್ರಕರ್ತರು ದಾಖಲೆಗಳನ್ನು ಹುಡುಕಿ ತೆಗೆದರೂ ಇವರು ಅಕ್ಕ ತಮ್ಮನ ಕಥೆ ಬಿಡಲಿಲ್ಲ.

ಸುಮ್ನೆ ಪ್ರಚಾರದ ಗಿಮಿಕ್ ಅಂತ ಮೊದಲು ನನಗೂ ಅನಿಸಿತ್ತು. ಜ್ಯಾಕ್ ಆಮೇಲೆ ಕೊಟ್ಟ ಕಾರಣ ಬೇರೆ. ಗಂಡ ಹೆಂಡತಿ ಅಂತ ಗೊತ್ತಾದರೆ ಜನ ಸಂಸಾರದ ಕಡೆ ನೋಡುತ್ತಾರೆ, ಒಡಹುಟ್ಟಿದವರು ಅಂದರೆ ಹಾಡಿನ ಕಡೆ ನೋಡುತ್ತಾರೆ ಅನ್ನೋದು ಅವನ ವಾದ. ಅವನು ಎಣಿಸಿದಂತೆ ಆಗಲಿಲ್ಲ. ಜನ ಎರಡು ಪಟ್ಟು ಜಾಸ್ತಿ ಮಾತಾಡಿದರು.

ಮೆಗ್‌ಳ ಡ್ರಮ್ಸ್

ಇಲ್ಲಿ ನಿಧಾನವಾಗಿ ಓದಿ. ಮೆಗ್‌ಗೆ ಡ್ರಮ್ಸ್ ಬಾರಿಸೋಕೇ ಬರಲ್ಲ ಅನ್ನೋ ಟೀಕೆ ಕೊನೆಯವರೆಗೂ ಇತ್ತು. ಅವಳ ಬಡಿತ ಸರಳ ಅನ್ನೋದು ನಿಜ. ಒಂದರ ಹಿಂದೊಂದು ಬೇಗ ಬೇಗ ಬಾರಿಸುವ ಉದ್ದದ ರೋಲ್ ಇಲ್ಲ, ಬೆರಳೆಣಿಕೆಯ ಪೆಟ್ಟು. ಆದರೆ ಒಂದು ವಿಷಯ ನೆನಪಿಡಿ. ಜ್ಯಾಕ್ ಸ್ವತಃ ಡ್ರಮ್ಮರ್. ಮೊದಲು ಬೇರೆ ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು. ಮೆಗ್ ಒಂದು ದಿನ ಅವನ ಡ್ರಮ್ಸ್ ಮುಂದೆ ಕೂತು, ಮಕ್ಕಳ ಹಾಗೆ ಬಾರಿಸಿದ್ದನ್ನು ಕೇಳಿದ ಮೇಲೇ ಅವನಿಗೆ ಈ ಬ್ಯಾಂಡ್ ಹೊಳೆದದ್ದು.

ಬೇಸ್ ಇಲ್ಲದ ಜಾಗದಲ್ಲಿ ಡ್ರಮ್ಮರ್ ತುಂಬಾ ಬಾರಿಸಿದರೆ ಏನಾಗುತ್ತದೆ? ಕಿವಿಗೆ ಹಿಡಿದುಕೊಳ್ಳಲು ಕಂಬವೇ ಸಿಗುವುದಿಲ್ಲ. ಮೆಗ್ ಒಂದೇ ಸಮ ನೆಲ ಕುಟ್ಟುವ ಹಾಗೆ ಹೊಡೆಯುತ್ತಾಳೆ. ಅದರಿಂದ ಜ್ಯಾಕ್‌ಗೆ ತಾಳ ತಪ್ಪಿದ ಹಾಗೆ ಹೋಗಿ ವಾಪಸ್ ಬರುವ ಧೈರ್ಯ ಬರುತ್ತದೆ. ವೇದಿಕೆಯಲ್ಲಿ ಮುಂದಿನ ಹಾಡು ಯಾವುದು ಅನ್ನೋ ಪಟ್ಟಿ ಕೂಡ ಇವರು ಇಟ್ಟುಕೊಳ್ಳುತ್ತಿರಲಿಲ್ಲ. ಅವನು ಶುರು ಮಾಡಿದ, ಅವಳು ಹಿಡಿದಳು, ಅಷ್ಟೇ.

ಆ ಏಳು ಸ್ವರ

2003ರ ‘ಎಲಿಫೆಂಟ್’ ಆಲ್ಬಮ್ಮನ್ನು ಲಂಡನ್ನಿನ ಟೋ ರ‍್ಯಾಗ್ ಸ್ಟುಡಿಯೋದಲ್ಲಿ ಮುದ್ರಿಸಿದರು. ಎಂಟು ಟ್ರ್ಯಾಕಿನ ಟೇಪ್, ಹಳೇ ಕಾಲದ ಯಂತ್ರಗಳು, ಕಂಪ್ಯೂಟರ್ ಇಲ್ಲ. ಇದರ ಮೊದಲ ಹಾಡು ‘ಸೆವೆನ್ ನೇಷನ್ ಆರ್ಮಿ’. ಹುಡುಗನಾಗಿದ್ದಾಗ ಜ್ಯಾಕ್‌ಗೆ ‘ಸಾಲ್ವೇಷನ್ ಆರ್ಮಿ’ ಅನ್ನೋ ಕ್ರೈಸ್ತ ಸೇವಾ ಸಂಸ್ಥೆಯ ಹೆಸರು ಹಾಗೆ ಕೇಳಿಸುತ್ತಿತ್ತಂತೆ. ಸ್ವರದ ಸಾಲು ಹೊಳೆದದ್ದು ಮೆಲ್ಬರ್ನ್‌ನಲ್ಲಿ, ಕಾರ್ಯಕ್ರಮಕ್ಕೆ ಮೊದಲು ಮೈಕು, ಸದ್ದು ಪರೀಕ್ಷಿಸುವಾಗ.

ಶುರುವಿನಲ್ಲಿ ಕೇಳುವುದು ಬೇಸ್ ಗಿಟಾರ್ ಅಂತ ಎಲ್ಲರೂ ಮೋಸ ಹೋಗುತ್ತಾರೆ. ಅದು ಮಾಮೂಲಿ ಗಿಟಾರೇ. ವ್ಯಾಮಿ ಅನ್ನೋ, ಕಾಲಲ್ಲಿ ಒತ್ತುವ ಪೆಡಲ್ ಸದ್ದನ್ನು ಒಂದು ಸ್ಥಾಯಿ ಕೆಳಗೆ ಇಳಿಸುತ್ತದೆ. ಒಂದು ಸಲಕ್ಕೆ ಒಂದೇ ಸ್ವರ ಕೊಟ್ಟರೆ ಪೆಡಲ್ ಚೆನ್ನಾಗಿ ಹಿಡಿಯುತ್ತದೆ. ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ಕೊಟ್ಟರೆ ತಡವರಿಸುತ್ತದೆ. ಹಾಗಾಗಿ ಸಾಲು ಬಿಡಿ ಸ್ವರಗಳದ್ದು.

ಹಾರ್ಮೋನಿಯಂ ಇದ್ದರೆ ನುಡಿಸಿ ನೋಡಿ: ಸ ಸ ಗ ಸ ನಿ ದ ಪ. ಷಡ್ಜ ಅಂದರೆ ಇಲ್ಲಿ ಪಾಶ್ಚಾತ್ಯರ ‘ಇ’ ಸ್ವರ. ಗಾಂಧಾರ ಸಾಧಾರಣ, ನಿಷಾದ ಕೈಶಿಕಿ, ಧೈವತ ಶುದ್ಧ. ಕೊನೆಯ ಮೂರೂ ಮಂದ್ರದಲ್ಲಿ, ಮೆಟ್ಟಿಲು ಇಳಿದ ಹಾಗೆ. ನಟಭೈರವಿಯ ಸ್ವರ ಅನ್ನೋಣ ಅಂದರೆ ರಿಷಭವೇ ಇಲ್ಲ, ತೋಡಿಯದೂ ಆಗಬಹುದು. ರಾಗ ಹುಡುಕುವುದು ನಮ್ಮ ಚಟ ಅಷ್ಟೇ, ಗಮಕವಿಲ್ಲದೆ ಇದು ಯಾವ ರಾಗವೂ ಅಲ್ಲ.

ಇನ್ನೊಂದು ಗಮನಿಸಿ. ಪಲ್ಲವಿ ಬರಬೇಕಾದ ಜಾಗದಲ್ಲಿ ಮಾತೇ ಇಲ್ಲ. ಅದೇ ಸಾಲು ಜೋರಾಗಿ, ಒರಟಾಗಿ ಬರುತ್ತದೆ, ಮೆಗ್ ಕ್ರ್ಯಾಶ್ ಅನ್ನೋ ಕಂಚಿನ ತಟ್ಟೆಗೆ ಕೈ ಹಾಕುತ್ತಾಳೆ. ಮಾತಿಲ್ಲದ್ದಕ್ಕೇ ಅದು ಯಾವ ಭಾಷೆಯವರ ಬಾಯಿಗೂ ಸಿಕ್ಕಿತು. 2003ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಜ್ ಫುಟ್‌ಬಾಲ್ ತಂಡದ ಅಭಿಮಾನಿಗಳು ಮಿಲಾನ್‌ಗೆ ಹೋಗಿದ್ದಾಗ ಇದನ್ನು ಕೂಗಿದರು. ಆ ದಿನ ಎಸಿ ಮಿಲಾನ್ ವಿರುದ್ಧ 1-0ಯಿಂದ ಗೆದ್ದೂಬಿಟ್ಟರು. 2006ರಲ್ಲಿ ಬ್ರೂಜ್ ವಿರುದ್ಧ ಆಡಿದ ಇಟಲಿಯ ರೋಮಾ ತಂಡದವರು ಅವರಿಂದ ಕಲಿತರು. ಅದೇ ವರ್ಷ ಇಟಲಿ ವಿಶ್ವಕಪ್ ಗೆದ್ದಾಗ ಇಡೀ ದೇಶ ‘ಪೊ ಪೊ ಪೊ’ ಅಂತ ಹಾಡಿತು. ಹಾಡಿದವರಲ್ಲಿ ಎಷ್ಟೋ ಮಂದಿಗೆ ಬ್ಯಾಂಡ್ ಹೆಸರೂ ಗೊತ್ತಿರಲಿಕ್ಕಿಲ್ಲ.

ಕೊನೆಯ ವರ್ಷಗಳು

2007ರಲ್ಲಿ ಆರನೇ ಆಲ್ಬಮ್ ‘ಇಕಿ ಥಂಪ್’ ಬಂತು. ಆ ಬೇಸಿಗೆಯಲ್ಲಿ ಕೆನಡಾದ ಪ್ರತಿ ಪ್ರಾಂತ್ಯದಲ್ಲೂ ನುಡಿಸಿದರು. ಜುಲೈ 31ರಂದು ಮಿಸಿಸಿಪ್ಪಿಯಲ್ಲಿ ಕೊನೆಯ ಪೂರ್ಣ ಕಾರ್ಯಕ್ರಮ. ಆಮೇಲೆ ಮೆಗ್‌ಳ ಆತಂಕದ ತೊಂದರೆಯಿಂದ ಪ್ರವಾಸ ನಿಂತಿತು. 2011ರ ಫೆಬ್ರವರಿ 2ರಂದು ಬ್ಯಾಂಡ್ ಮುಗಿಯಿತು ಅಂತ ಪ್ರಕಟಿಸಿದರು. 2025ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡ ದಿನ ಜ್ಯಾಕ್ ಬಂದ, ಮೆಗ್ ಬರಲಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಆ ಕೆನಡಾ ಪ್ರವಾಸದ ಒಂದು ಮಧ್ಯಾಹ್ನ. ನ್ಯೂಫೌಂಡ್‌ಲೆಂಡ್‌ನ ಸೇಂಟ್ ಜಾನ್ಸ್ ಊರಿನ ಬೀದಿಯಲ್ಲಿ ಜನ ಸೇರಿದ್ದರು. ಜ್ಯಾಕ್, ಮೆಗ್ ಬಂದರು. ಒಂದೇ ಒಂದು ಸ್ವರ, ಅದರ ಜೊತೆಗೇ ಡ್ರಮ್ಸ್‌ನ ಒಂದು ಹೊಡೆತ. ಈಗ ಕೆನಡಾದ ಪ್ರತಿ ಪ್ರಾಂತ್ಯದಲ್ಲೂ ನುಡಿಸಿದಂತಾಯಿತು ಅಂತ ಹೇಳಿ ಇಬ್ಬರೂ ಹೊರಟುಹೋದರು.