‘ಜೀನೋಮ್’ ಅಂದಾಗ ಯಾವ ಜೀನೋಮ್?

ಮೊನ್ನೆ ಜಯನಗರದಲ್ಲಿ ಒಂದು ವಿಜ್ಞಾನ ಭಾಷಣದ ಪೋಸ್ಟರ್ ಕಂಡೆ. ‘ಹಲ್ಲಿಗಳ ಜೀನೋಮ್ ಹೋಲಿಕೆ’ ಅಂತ ದಪ್ಪಕ್ಷರದಲ್ಲಿತ್ತು. ಜೀನೋಮ್ ಅಂದರೆ ಡಿಎನ್ಎಯಲ್ಲಿ ಬರೆದಿಟ್ಟ ಆನುವಂಶಿಕ ಮಾಹಿತಿಯ ಇಡೀ ಗಂಟು. ಕೆಳಗೆ ಓದಿದರೆ, ಹೋಲಿಸಿದ್ದು ಮೈಟೊಕಾಂಡ್ರಿಯಾದ, ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳ, ಜೀನೋಮನ್ನು ಮಾತ್ರ. ಚಿತ್ರದಲ್ಲಿದ್ದದ್ದು ಓತಿಕ್ಯಾತ. ಅದನ್ನು ಹಲ್ಲಿ ಅಂದದ್ದಕ್ಕೆ ಬೇರೆ ಜಗಳವಿದೆ, ಇವತ್ತು ಬೇಡ.

ಮೈಟೊಕಾಂಡ್ರಿಯಾದ ಜೀನೋಮಿನಲ್ಲಿ ಇರುವುದು 37 ಜೀನು, ಸುಮಾರು 17 ಸಾವಿರ ಡಿಎನ್ಎ ಅಕ್ಷರ. ಜೀವಕೋಶದ ನಡುವಿನ ನ್ಯೂಕ್ಲಿಯಸ್ಸಿನ ಜೀನೋಮಿನಲ್ಲಿ ನೂರು ಕೋಟಿಗೂ ಜಾಸ್ತಿ ಅಕ್ಷರ. ಎರಡನ್ನೂ ಸುಮ್ನೆ ‘ಜೀನೋಮ್’ ಅಂದುಬಿಟ್ಟರೆ ಹೇಗೆ?

ತಪ್ಪಿನ ಬೇರು ‘ಜೀನೋಮ್’ ಅನ್ನುವ ಪದದಲ್ಲೇ ಇದೆ. ಮೊದಲು ‘ಮೈಟೊಕಾಂಡ್ರಿಯಾ’ ನೋಡಿ. ಗ್ರೀಕಿನಲ್ಲಿ ಮಿಟೋಸ್ ಅಂದರೆ ನೂಲು, ಕಾಂಡ್ರಿಯಾನ್ ಅಂದರೆ ಪುಟ್ಟ ಕಾಳು. ಸೂಕ್ಷ್ಮದರ್ಶಕದಲ್ಲಿ ಈ ಭಾಗಗಳಲ್ಲಿ ಕೆಲವು ನೂಲಿನಂತೆ, ಕೆಲವು ಕಾಳಿನಂತೆ ಕಂಡವು. 1898ರಲ್ಲಿ ಜರ್ಮನಿಯ ಕಾರ್ಲ್ ಬೆಂಡಾ ಎರಡನ್ನೂ ಸೇರಿಸಿ ಹೆಸರಿಟ್ಟರು. ನಾವು ‘ನೂಲ್ಗಾಳು’ ಅನ್ನಬಹುದಿತ್ತು, ಚೆನ್ನಾಗಿರುತ್ತಿತ್ತು. ‘ಜೀನೋಮ್’ ಬಂದದ್ದು 1920ರಲ್ಲಿ, ಸಸ್ಯವಿಜ್ಞಾನಿ ಹಾನ್ಸ್ ವಿಂಕ್ಲರ್ ಅವರಿಂದ. ಅವರ ಮನಸ್ಸಿನಲ್ಲಿದ್ದದ್ದು ನ್ಯೂಕ್ಲಿಯಸ್ಸಿನಲ್ಲಿ ಜೀನುಗಳನ್ನು ಹೊತ್ತಿರುವ ಕ್ರೋಮೋಸೋಮುಗಳ ಒಂದು ಪೂರ್ತಿ ಕಂತೆ. ಮೈಟೊಕಾಂಡ್ರಿಯಾದೊಳಗೂ ಡಿಎನ್ಎ ಇದೆ ಅಂತ ಕಣ್ಣಿಗೆ ಬಿದ್ದದ್ದು 1963ರಲ್ಲಿ. ಆಮೇಲೆ ಹಳೆಯ ಹೆಸರನ್ನೇ ಅದಕ್ಕೂ ಅಂಟಿಸಿದರು. ‘ಪೂರ್ತಿ’ ಅನ್ನುವ ವಾಸನೆ ಮಾತ್ರ ಹೋಗಲಿಲ್ಲ.

ಇದು ಬರೀ ಪದದ ತಕರಾರಲ್ಲ. ಅರ್ಮೇನಿಯಾ ಕಡೆಯ ಬಂಡೆಗಳಲ್ಲಿ ಡಾರೆವ್ಸ್ಕಿಯಾ ಅರ್ಮೇನಿಯಾಕಾ ಅಂತ ಒಂದು ಹಲ್ಲಿಯಿದೆ. ಎಲ್ಲವೂ ಹೆಣ್ಣೇ. ಗಂಡಿನ ಹಂಗಿಲ್ಲದೆ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಈ ಜಾತಿ ಹುಟ್ಟಿದ್ದು ಬೇರೆ ಎರಡು ಜಾತಿ ಕೂಡಿ: ತಾಯಿ ಕಡೆ ಮಿಕ್ಸ್ಟಾ, ತಂದೆ ಕಡೆ ವ್ಯಾಲೆಂಟಿನಿ. ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ, ಅಲ್ವಾ? ಹಾಗಾಗಿ ಅದನ್ನಷ್ಟೇ ಓದಿದರೆ ಮಿಕ್ಸ್ಟಾ ಕಾಣುತ್ತದೆ, ವ್ಯಾಲೆಂಟಿನಿಯ ಸುಳಿವೇ ಇರುವುದಿಲ್ಲ. ಅಪ್ಪನ ಪಾಲು ಇರುವುದು ನ್ಯೂಕ್ಲಿಯಸ್ಸಿನಲ್ಲಿ.

ಹಾಗಂತ ಮೈಟೊಕಾಂಡ್ರಿಯಾದ ಹೋಲಿಕೆ ದಂಡವಲ್ಲ. ಪ್ರಾಣಿಗಳಲ್ಲಿ ಈ ಡಿಎನ್ಎ ಸಾಮಾನ್ಯವಾಗಿ ಬೇಗ ಬದಲಾಗುತ್ತದೆ. ಈಚೆಗೆ ಕವಲೊಡೆದ ದಾಯಾದಿ ಜಾತಿಗಳಲ್ಲೂ ವ್ಯತ್ಯಾಸ ಸಿಗುತ್ತದೆ. ಜೀನುಗಳ ಸಾಲು ಹೆಚ್ಚುಕಮ್ಮಿ ಒಂದೇ ಆಗಿರುವುದರಿಂದ ಪಕ್ಕಪಕ್ಕ ಇಟ್ಟು ನೋಡುವುದೂ ಸುಲಭ.

ಇನ್ನು ‘ಮೈಟೊಕಾಂಡ್ರಿಯಾದ ಡಿಎನ್ಎ ನೂರಕ್ಕೆ 99 ಭಾಗ ಒಂದೇ, ಅಂದಮೇಲೆ ಜಾತಿಯೂ ಒಂದೇ’ ಅನ್ನುವವರಿದ್ದಾರೆ. ಆ ಲೆಕ್ಕ ಹಿಡಿದರೆ ಅರ್ಮೇನಿಯಾಕಾವನ್ನೂ ಮಿಕ್ಸ್ಟಾ ಅಂತಲೇ ಕರೆಯಬೇಕಾಗುತ್ತದೆ.