ಯಾರನ್ನೂ ತೆಗೆಯದೆ ಖಾಲಿಯಾದ ಎಚ್‌ಎಂಟಿ

ಎಚ್‌ಎಂಟಿ ವಾಚ್ ಕಂಪನಿ 2016ರ ಜನವರಿಯಲ್ಲಿ ಮುಚ್ಚಿತು ಅಂತ ಎಲ್ಲರೂ ಹೇಳುತ್ತಾರೆ. ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು ಆಗ, ಅಷ್ಟೇ. ಕಾರ್ಖಾನೆಯಲ್ಲಿ ಜನ ಕರಗಲು ಶುರುವಾಗಿ ಎಷ್ಟೋ ವರ್ಷ ಆಗಿತ್ತು.

1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದಾಗ ಎಚ್‌ಎಂಟಿ ಯಂತ್ರ ತಯಾರಿಸುವ ಕೇಂದ್ರ ಸರ್ಕಾರದ ಕಂಪನಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚಿಗೆ ಕೈ ಹಾಕಿತು. ಮುಂದೆ ತುಮಕೂರಿಗೂ ಕಾರ್ಖಾನೆ ಬಂತು. ಮದುವೆ ಗಂಡಿಗೆ ವಾಚ್ ಅಂದರೆ ಎಚ್‌ಎಂಟಿ, ಅಲ್ವಾ?

ಎಚ್‌ಎಂಟಿಯ ಕೀ ಕೊಡುವ 'ಜನತಾ' ವಾಚಿನ ಹಿಂದಿನ ಮುಚ್ಚಳ ತೆಗೆದು ನೋಡಿ. ಸುರುಳಿ ಸ್ಪ್ರಿಂಗು, ಹಲ್ಲಿನ ಚಕ್ರಗಳು, ಕೂದಲಿನಷ್ಟು ತೆಳು ಸ್ಪ್ರಿಂಗಿನ ಮೇಲೆ ಅತ್ತಿತ್ತ ಆಡುವ ಪುಟ್ಟ ಗಾಲಿ. ಇವನ್ನೆಲ್ಲ ತಾನೇ ಮಾಡಬೇಕು ಅನ್ನೋದು ಎಚ್‌ಎಂಟಿಯ ಹೆಮ್ಮೆ. ಅದಕ್ಕೆ ನುರಿತ ಕೈಗಳು ಜಾಸ್ತಿ ಬೇಕು. ಕ್ವಾರ್ಟ್ಜ್ ವಾಚಿಗೆ ಅಷ್ಟು ಬೇಡ: ಒಂದು ಸೆಲ್, ಒಂದು ಚಿಪ್, ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು, ಚಿಕ್ಕ ಮೋಟಾರು.

ಇದು ಎಚ್‌ಎಂಟಿಗೆ ಗೊತ್ತಿರಲಿಲ್ಲ ಅನ್ನಬೇಡಿ. 1981ರಲ್ಲೇ ಕ್ವಾರ್ಟ್ಜ್ ವಾಚ್ ತಂದಿತ್ತು. ಆದರೂ ನೆಚ್ಚಿಕೊಂಡಿದ್ದು ಕೀ ಕೊಡುವ ವಾಚನ್ನೇ. ಟಾಟಾ ಮತ್ತು ತಮಿಳುನಾಡು ಸರ್ಕಾರದ ನಿಗಮ ಸೇರಿ 1984ರಲ್ಲಿ ಟೈಟನ್ ಕಟ್ಟಿದವು. ಹೊಸೂರಿನಿಂದ ಬಂದ ಆ ಕ್ವಾರ್ಟ್ಜ್ ವಾಚುಗಳು ಶೋರೂಮಿನಲ್ಲಿ ಮಿಂಚಿದವು. ಗಿರಾಕಿ ಆ ಕಡೆ ತಿರುಗಿದ.

ಆಮೇಲೆ ಪುನಾರಚನೆ. 2000ದಲ್ಲಿ ವಾಚ್ ವಿಭಾಗ ಬೇರೆ ಕಂಪನಿಯಾಯಿತು. ನಷ್ಟ ನಿಲ್ಲಲಿಲ್ಲ. ಕೈಗೆ ಸಿಕ್ಕ ಮದ್ದು ವಿಆರ್‌ಎಸ್ ಒಂದೇ, ಅಂದರೆ ದುಡ್ಡು ಕೊಟ್ಟು ಸ್ವಯಂ ನಿವೃತ್ತಿ ಮಾಡಿಸುವ ಯೋಜನೆ. ಯಾರಿಗೂ 'ಹೋಗು' ಅನ್ನಬೇಕಿಲ್ಲ, ಅವರೇ ಅರ್ಜಿ ಹಾಕುತ್ತಾರೆ. ಆದರೆ ಮೊದಲು ಅರ್ಜಿ ಹಾಕುವವರು ಯಾರು? ಹೊರಗೆ ಕೆಲಸ ಸಿಗುವಂಥವರು, ಅಂದರೆ ಕಂಪನಿಗೆ ಬೇಕಾದವರೇ. ಹೀಗೆ ಉಳಿಸಿದ ದುಡ್ಡು ನನ್ನ ಲೆಕ್ಕದಲ್ಲಿ ಉಳಿತಾಯವೇ ಅಲ್ಲ.

2016ರಲ್ಲಿ ಎಚ್‌ಎಂಟಿಯ ವಾಚಸ್, ಚಿನಾರ್ ವಾಚಸ್, ಬೇರಿಂಗ್ಸ್ ಎಂಬ ಮೂರು ಕಂಪನಿಗಳನ್ನೂ ಮುಚ್ಚುವಾಗ ಉಳಿದಿದ್ದವರು ಸುಮಾರು 1,000 ಜನ. ಅವರಿಗಾಗಿ ತೆಗೆದಿಟ್ಟಿದ್ದು 427 ಕೋಟಿ ರೂಪಾಯಿ. 'ಆಕರ್ಷಕ' ಅಂತ ಕೊಟ್ಟ ಆ ಪ್ಯಾಕೇಜಿನ ಲೆಕ್ಕ 2007ರ ವೇತನ ಶ್ರೇಣಿಯದು. ಒಂಬತ್ತು ವರ್ಷ ಹಳೇ ಶ್ರೇಣಿಯೇ ಆಕರ್ಷಕ ಅಂದರೆ, ಅಲ್ಲಿವರೆಗೆ ಅವರು ಎಂಥ ಸಂಬಳದಲ್ಲಿ ದುಡಿದಿರಬೇಕು!

ತುಮಕೂರಿನ ಜಾಗ ಈಗ ಇಸ್ರೋ ಪಾಲು. ಕಂಪನಿಗೆ ಮತ್ತೆ ಜೀವ ಕೊಡುವ ಮಾತು ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿ ಅವರದು. ಜಾಲಹಳ್ಳಿಯ ಜಮೀನು ಕಾಡಿಗೆ ಸೇರಿದ್ದು ಅಂತ 2024ರಿಂದ ರಾಜ್ಯದ ಅರಣ್ಯ ಇಲಾಖೆಯ ಪಟ್ಟು. ಸದ್ಯಕ್ಕೆ ಜಗಳ ಇರೋದು ಮಣ್ಣಿಗೆ, ವಾಚಿಗಲ್ಲ.