ಫಸ್ಟ್ ಕಾಂಟ್ಯಾಕ್ಟ್: ಬೇರೆ ಲೋಕದವರ ಜೊತೆ ಮೊದಲ ಮುಖಾಮುಖಿ

ಸೈನ್ಸ್ ಫಿಕ್ಷನ್ ಓದುವವರು ಸೇರಿದಲ್ಲೆಲ್ಲ ‘ಫಸ್ಟ್ ಕಾಂಟ್ಯಾಕ್ಟ್’ ಅನ್ನುವ ಮಾತು ಒಂದಲ್ಲ ಒಂದು ಸಲ ಬಂದೇ ಬರುತ್ತದೆ. ಇನ್ನೊಬ್ಬರು ಇದ್ದಾರೆ ಅಂತಲೇ ಗೊತ್ತಿರದ ಎರಡು ಜೀವಿಕುಲಗಳು ಮೊದಲ ಸಲ ಎದುರಾಗುವ ಕಥೆ ಅದು. ಮುಖಕ್ಕೆ ಮುಖ ಕೊಟ್ಟು ನಿಲ್ಲಲೇಬೇಕು ಅಂತೇನಿಲ್ಲ. ದೂರದ ನಕ್ಷತ್ರದ ಕಡೆಯಿಂದ ಬಂದ ಒಂದು ರೇಡಿಯೊ ಸಂಕೇತ ಸಾಕು. ಎಂದೋ ಅಳಿದುಹೋದವರು ಬಿಟ್ಟುಹೋದ ಒಂದು ಖಾಲಿ ಬಾಹ್ಯಾಕಾಶ ಹಡಗು ಸಿಕ್ಕರೂ ಕಥೆ ಶುರುವಾಗುತ್ತದೆ.

ಹಾಗಂತ ಅನ್ಯಗ್ರಹದವರು ಬರುವ ಕಥೆಗಳೆಲ್ಲ ಈ ಗುಂಪಿಗೆ ಸೇರುವುದಿಲ್ಲ. ಹತ್ತಾರು ಗ್ರಹಗಳವರು ಒಂದೇ ಹಡಗಿನಲ್ಲಿ ಕೆಲಸ ಮಾಡಿಕೊಂಡಿರುವ ಕಥೆಗಳಲ್ಲಿ ಆ ಮೊದಲ ಭೇಟಿ ಯಾವತ್ತೋ ಮುಗಿದುಹೋಗಿರುತ್ತದೆ. ಫ್ಯಾಂಟಸಿಯಲ್ಲೂ ಅಷ್ಟೆ. ಅಲ್ಲಿ ಮನುಷ್ಯರಿಗೂ ಡ್ರ್ಯಾಗನ್‌ಗಳಿಗೂ ಸಾಮಾನ್ಯವಾಗಿ ಹಳೇ ಪರಿಚಯ, ಹಳೇ ಜಗಳ. ಫಸ್ಟ್ ಕಾಂಟ್ಯಾಕ್ಟ್ ಕಥೆಯ ಜೀವ ಇರುವುದು ಏನೂ ಗೊತ್ತಿಲ್ಲದ ಆ ಮೊದಲ ಗಂಟೆಗಳಲ್ಲಿ. ಎದುರಿಗಿರುವುದು ಏನು? ಅದರ ಕಣ್ಣಿಗೆ ನಾವು ಏನಾಗಿ ಕಾಣುತ್ತಿದ್ದೇವೆ? ಅದು ನಮ್ಮ ಕಡೆ ಚಾಚಿದ್ದು ಕೈಯೋ, ಆಯುಧವೋ? ಎರಡನೇ ಪುಟದಲ್ಲೇ ಬಂದವರು ನಮ್ಮ ಭಾಷೆಯಲ್ಲಿ ಸಲೀಸಾಗಿ ಮಾತಾಡಿಬಿಟ್ಟರೆ ಈ ಪ್ರಶ್ನೆಗಳೆಲ್ಲ ಸತ್ತುಹೋಗುತ್ತವೆ. ನನಗೆ ಅಂಥ ಕಥೆ ರುಚಿಸುವುದಿಲ್ಲ. ಅರ್ಥವಾಗದೆ ಒದ್ದಾಡುವ ಆ ಕಷ್ಟವೇ ಈ ಬಗೆಯ ಕಥೆಯ ತಿರುಳು.

ಎಚ್.ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ 1898ರಲ್ಲಿ ಪುಸ್ತಕವಾಗಿ ಬಂತು. ಮಂಗಳ ಗ್ರಹದವರು ಇಂಗ್ಲೆಂಡಿನಲ್ಲಿ ಬಂದಿಳಿಯುತ್ತಾರೆ. ಒಂದಷ್ಟು ಜನ ಬಿಳಿ ಬಾವುಟ ಹಿಡಿದು ಮಾತುಕತೆಗೆ ಹೋಗುತ್ತಾರೆ. ಮರುಕ್ಷಣವೇ ಸುಟ್ಟು ಕರಕಲಾಗುತ್ತಾರೆ. ಇದು ಬರೀ ಭಯ ಹುಟ್ಟಿಸಲು ಬರೆದದ್ದಲ್ಲ. ಯುರೋಪಿನಿಂದ ಹೋದವರು ಆಸ್ಟ್ರೇಲಿಯಾ ಪಕ್ಕದ ಟ್ಯಾಸ್ಮೇನಿಯಾ ದ್ವೀಪದ ಮೂಲನಿವಾಸಿಗಳಿಗೆ ಏನು ಮಾಡಿದರು ಅನ್ನುವುದನ್ನು ವೆಲ್ಸ್ ಮೊದಲ ಅಧ್ಯಾಯದಲ್ಲೇ ನೆನಪಿಸುತ್ತಾರೆ. ಬ್ರಿಟಿಷ್ ಸಾಮ್ರಾಜ್ಯ ಉತ್ತುಂಗದಲ್ಲಿದ್ದಾಗ ಅದೇ ನೆಲದ ಓದುಗರನ್ನು ಸೋತವರ ಜಾಗದಲ್ಲಿ ನಿಲ್ಲಿಸಿದ್ದು ಸಣ್ಣ ಮಾತಲ್ಲ. ಈ ಬಗೆಯ ಕಥೆಗಳ ಹಿಂದೆ ವಸಾಹತುಗಳ ನೆನಪು ಇವತ್ತಿಗೂ ಇದೆ. ಹಡಗು ಬಂದು ನಿಂತಿದೆ, ದಡದಲ್ಲಿದ್ದವರಿಗೆ ಮುಂದೇನು ಅಂತ ಗೊತ್ತಿಲ್ಲ. ಭೂಮಿಯ ಮೇಲೆ ಇದು ಎಷ್ಟು ಸಲ ನಡೆದುಹೋಗಿದೆ ಅಲ್ವಾ?

ಮರೆ ಲೈನ್‌ಸ್ಟರ್ 1945ರಲ್ಲಿ ಬರೆದ ಕಥೆಯ ಹೆಸರೇ ‘ಫಸ್ಟ್ ಕಾಂಟ್ಯಾಕ್ಟ್’. ಕ್ರ್ಯಾಬ್ ನೆಬ್ಯುಲಾದ ಅನಿಲ, ಧೂಳಿನ ನಡುವೆ ಮನುಷ್ಯರ ಹಡಗಿಗೆ ಇನ್ನೊಂದು ಹಡಗು ಎದುರಾಗುತ್ತದೆ. ಇಬ್ಬರಿಗೂ ಜಗಳ ಬೇಡ. ಆದರೆ ಯಾರೂ ಮನೆಗೆ ಹೊರಡುವ ಹಾಗಿಲ್ಲ. ಹೊರಟರೆ ಇನ್ನೊಬ್ಬರು ಬೆನ್ನುಹತ್ತಿ ನಮ್ಮ ಗ್ರಹ ಎಲ್ಲಿದೆ ಅಂತ ತಿಳಿದುಕೊಂಡರೆ? ಅವರು ಒಳ್ಳೆಯವರೇ ಇರಬಹುದು, ಆದರೆ ಇಡೀ ಮನುಕುಲವನ್ನು ಪಣಕ್ಕಿಟ್ಟು ನಂಬುವುದು ಹೇಗೆ? ಆ ಕಡೆಯವರದ್ದೂ ಇದೇ ಲೆಕ್ಕ. ಹಾಗಾಗಿ ಬೇಡದಿದ್ದರೂ ಒಬ್ಬರನ್ನೊಬ್ಬರು ನಾಶ ಮಾಡುವ ಸ್ಥಿತಿಗೆ ಬಂದು ನಿಲ್ಲುತ್ತಾರೆ. ಕೊನೆಗೆ ಸಿಗುವ ದಾರಿ ಸೊಗಸಾಗಿದೆ. ಹಿಂಬಾಲಿಸುವ ಸಾಧನಗಳನ್ನು ಕಿತ್ತುಹಾಕಿ ಹಡಗುಗಳನ್ನೇ ಅದಲುಬದಲು ಮಾಡಿಕೊಳ್ಳುತ್ತಾರೆ. ಯಾರೂ ಯಾರನ್ನೂ ಹಿಂಬಾಲಿಸುವಂತಿಲ್ಲ. ಮೇಲಾಗಿ ಇಬ್ಬರಿಗೂ ಇನ್ನೊಬ್ಬರ ತಂತ್ರಜ್ಞಾನ ಪೂರ್ತಿ ಸಿಕ್ಕಿತು. ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವ ವಿವರ ಇನ್ನೊಂದಿದೆ. ದೊಡ್ಡವರು ತಲೆಕೆಡಿಸಿಕೊಂಡಿದ್ದ ಹೊತ್ತಿನಲ್ಲಿ ಸಂಪರ್ಕದ ಕೆಲಸಕ್ಕೆ ಕೂತಿದ್ದ ಇಬ್ಬರು ಒಬ್ಬರಿಗೊಬ್ಬರು ಪೋಲಿ ಜೋಕು ಹೇಳಿಕೊಂಡು ಆಗಲೇ ಗೆಳೆಯರಾಗಿರುತ್ತಾರೆ.

ಮಾತು ಬಾರದವರ ಜೊತೆ ಮಾತು ಶುರುಮಾಡುವುದು ಹೇಗೆ? ಇದನ್ನು ವಿಜ್ಞಾನಿಗಳು ನಿಜವಾಗಿಯೂ ಮಾಡಿ ನೋಡಿದ್ದಾರೆ. 1974ರ ನವೆಂಬರ್ 16ರಂದು ಪೋರ್ಟೊ ರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಎಂ13 ಎಂಬ ನಕ್ಷತ್ರಗುಚ್ಛದ ಕಡೆಗೆ ಒಂದು ಸಂದೇಶ ಕಳಿಸಿದರು. ಅದರಲ್ಲಿ ಇದ್ದದ್ದು 1679 ಬಿಟ್‌ಗಳು, ಅಂದರೆ ಬರೀ ಸೊನ್ನೆ ಮತ್ತು ಒಂದುಗಳು. 1679ನ್ನೇ ಯಾಕೆ ಆರಿಸಿದರು? ಅದು 23 ಮತ್ತು 73ರ ಗುಣಲಬ್ಧ. ಎರಡೂ ಅವಿಭಾಜ್ಯ ಸಂಖ್ಯೆಗಳು, ಹಾಗಾಗಿ ಈ ಎರಡು ಅಳತೆ ಬಿಟ್ಟು ಬೇರೆ ಅಳತೆಯಲ್ಲಿ ಅದನ್ನು ಸಾಲು, ಕಂಬಗಳಾಗಿ ಜೋಡಿಸಲು ಬರುವುದಿಲ್ಲ. 23 ಅಗಲ, 73 ಎತ್ತರಕ್ಕೆ ಜೋಡಿಸಿದರೆ ಚಿತ್ರ ಮೂಡುತ್ತದೆ. ಒಂದರಿಂದ ಹತ್ತರವರೆಗಿನ ಅಂಕಿಗಳು, ಡಿಎನ್ಎ ರಚನೆ, ಒಂದು ಮನುಷ್ಯಾಕೃತಿ, ಸೂರ್ಯ ಮತ್ತು ಗ್ರಹಗಳು. ಭಾಷೆ ಬೇರೆಯಾದರೂ ಲೆಕ್ಕ ಎಲ್ಲ ಕಡೆ ಒಂದೇ ಅನ್ನುವ ನಂಬಿಕೆ ಇದರ ಬುಡದಲ್ಲಿದೆ. ಎಂ13 ಸುಮಾರು 25,000 ಬೆಳಕಿನ ವರ್ಷ ದೂರ. ಉತ್ತರ ಬಂದರೂ ಸುಮಾರು 50,000 ವರ್ಷ ಕಾಯಬೇಕು.

ಮೂರು ವರ್ಷ ಬಿಟ್ಟು, 1977ರಲ್ಲಿ ಹಾರಿದ ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಗ್ರಾಮಾಫೋನ್ ತಟ್ಟೆಗಳನ್ನು ಇಟ್ಟರು. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡವೂ ಅದರಲ್ಲಿದೆ!

ಆದರೆ ಲೆಕ್ಕವೂ ಚಿತ್ರವೂ ಕೆಲಸಕ್ಕೆ ಬರದಿದ್ದರೆ? ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ 1961ರ ‘ಸೊಲಾರಿಸ್’ ಕಾದಂಬರಿಯಲ್ಲಿ ಇದನ್ನೇ ಕೇಳಿದರು. ಅಲ್ಲಿನ ಅನ್ಯಜೀವಿ ಗ್ರಹವನ್ನೇ ಆವರಿಸಿರುವ ಒಂದು ಸಾಗರ. ಅದು ವಿಚಿತ್ರ ಆಕಾರಗಳನ್ನು ಕಟ್ಟುತ್ತದೆ, ಕೆಡವುತ್ತದೆ. ವಿಜ್ಞಾನಿಗಳು ತಲೆಮಾರುಗಟ್ಟಲೆ ಅದನ್ನು ಅಭ್ಯಾಸ ಮಾಡಿ ಗ್ರಂಥಾಲಯ ತುಂಬುವಷ್ಟು ಬರೆಯುತ್ತಾರೆ. ಆದರೂ ಅದಕ್ಕೆ ನಾವು ಇರುವುದು ಗೊತ್ತೋ ಇಲ್ಲವೋ ಅನ್ನುವುದೂ ತೀರ್ಮಾನವಾಗುವುದಿಲ್ಲ. ಅದು ಮಿತ್ರನಲ್ಲ, ಶತ್ರುವೂ ಅಲ್ಲ. ಫಸ್ಟ್ ಕಾಂಟ್ಯಾಕ್ಟ್ ಕಥೆಗಳಲ್ಲಿ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಪ್ರಾಮಾಣಿಕ. ನಮಗಿಂತ ಪೂರಾ ಬೇರೆ ಥರದ ಜೀವಿ ನಮಗೆ ಅರ್ಥವಾಗಲೇಬೇಕು ಅಂತ ಯಾವ ನಿಯಮವೂ ಇಲ್ಲ.

ಟೆಡ್ ಚಿಯಾಂಗ್ 1998ರಲ್ಲಿ ಬರೆದ ‘ಸ್ಟೋರಿ ಆಫ್ ಯುವರ್ ಲೈಫ್’ ಇದಕ್ಕೆ ಎದುರು ದಿಕ್ಕಿನಿಂದ ಬರುತ್ತದೆ. ಅಲ್ಲಿ ಭಾಷಾಶಾಸ್ತ್ರಜ್ಞೆಯೊಬ್ಬಳು ಏಳು ಕಾಲುಗಳ ಜೀವಿಗಳ ಬರವಣಿಗೆಯನ್ನು ತಾಳ್ಮೆಯಿಂದ ಕಲಿಯುತ್ತಾಳೆ. ಕಲಿತಂತೆಲ್ಲ ಕಾಲವನ್ನು ಅವಳು ನೋಡುವ ರೀತಿಯೇ ಬದಲಾಗುತ್ತದೆ. ಇಲ್ಲಿ ಅರ್ಥವಾಗುತ್ತದೆ, ಆದರೆ ಅರ್ಥ ಮಾಡಿಕೊಂಡವಳು ಮೊದಲಿನ ಹಾಗೆ ಉಳಿಯುವುದಿಲ್ಲ.

ಇಂಥದ್ದು ನಿಜವಾಗಿಯೂ ನಡೆದರೆ ಏನು ಮಾಡಬೇಕು ಅಂತ ಇಂಟರ್‌ನ್ಯಾಷನಲ್ ಅಕಾಡೆಮಿ ಆಫ್ ಆಸ್ಟ್ರೊನಾಟಿಕ್ಸ್ ಎಂಬ ಬಾಹ್ಯಾಕಾಶ ತಜ್ಞರ ಸಂಸ್ಥೆ 1989ರಲ್ಲೇ ಒಂದು ನಿಯಮಾವಳಿ ಒಪ್ಪಿಕೊಂಡಿದೆ. ಮೊದಲು ಸಂಕೇತವನ್ನು ಪರೀಕ್ಷಿಸಿ ಖಚಿತ ಮಾಡಿಕೊಳ್ಳಬೇಕು. ಆಮೇಲೆ ವಿಷಯ ಮುಚ್ಚಿಡದೆ ಎಲ್ಲರಿಗೂ ತಿಳಿಸಬೇಕು. ಬೇರೆ ದೇಶಗಳ ಜೊತೆ ಸಮಾಲೋಚಿಸದೆ ಯಾರೂ ಉತ್ತರ ಕಳಿಸಬಾರದು. ಇದಕ್ಕೆ ಕಾನೂನಿನ ಬಲ ಇಲ್ಲ. ದೊಡ್ಡ ಆಂಟೆನಾ ಇರುವವರು ಉತ್ತರ ಕಳಿಸಿಯೇಬಿಟ್ಟರೆ ಏನಾಗುತ್ತದೆ ಅನ್ನುವುದು ನಿಯಮಾವಳಿಯಲ್ಲಿ ಇಲ್ಲ. ಕಥೆ ಬರೆಯುವವರಿಗೆ ಅಲ್ಲಿ ಬೇಕಾದಷ್ಟು ಜಾಗ ಇದೆ.